ಬಿಡಿಭಾಗ ಕೊಂಡು ಲ್ಯಾಪ್‌ಟಾಪ್ ಜೋಡಿಸಿಕೊಳ್ಳಬಹುದೇ, ಸಿದ್ಧವಾದುದನ್ನೇ ಕೊಳ್ಳಬೇಕೇ?

ಡೊಂಬಿವಲಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಸೀಟು ದೊರೆತಿದೆ. ಹಾಸ್ಟೆಲಿನಲ್ಲಿ ಇದ್ದು ಓದುವವಳಾದ್ದರಿಂದ ಲ್ಯಾಪ್‌ಟಾಪ್ ಬೇಕೇ ಬೇಕು. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್‌ನಂಥ ವಿನ್ಯಾಸ ತಂತ್ರಾಂಶಗಳನ್ನು ಬಳಸಬೇಕಾಗುತ್ತದೆ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳು ತಿಳಿಸಿದ್ದಾರೆ. ನಾನು ಹೊಂದಿಸಬಹುದಾದ ಹಣ ಸುಮಾರು 65,000 ರೂಪಾಯಿ.

ನಮ್ಮ ಮನೆಯ ಡೆಸ್ಕ್‌ಟಾಪನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಂಡಿದ್ದೆವು. ಅದೇ ಸಾಮರ್ಥ್ಯದ ಕಂಪನಿ ಯಂತ್ರಕ್ಕಿಂತ ಅದು ಅಗ್ಗವಾಯಿತಲ್ಲದೆ, ಮುಂದೆ ರ‍್ಯಾಮ್ ಹೆಚ್ಚಿಸುವಾಗಲೂ ಪವರ್ ಸಪ್ಲೈ ಬದಲಿಸುವಾಗಲೂ ಯಾರ ಹಂಗಿಗೂ ಬೀಳಲಿಲ್ಲ. ಲ್ಯಾಪ್‌ಟಾಪನ್ನೂ ಹಾಗೆಯೇ ಮಾಡಿಸಿಕೊಳ್ಳಲು ಸಾಧ್ಯವೇ? ತಾವೇ ಜೋಡಿಸಿಕೊಂಡವರ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ನೋಡಿದ್ದೇನೆ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಖಾಲಿ ಲ್ಯಾಪ್‌ಟಾಪ್ ಕ್ಯಾಬಿನೆಟ್ ಮಾರುವವರನ್ನು ಕಂಡಿಲ್ಲ. ತಿಳಿದವರು ದಾರಿ ತೋರಿಸಬೇಕು.

ಹಿಂಜವಡಿ ಕನ್ನಡಿಗ

ಮಾನ್ಯರೇ, ತಾವು ಖಾಲಿ ಕ್ಯಾಬಿನೆಟ್ ಕಾಣದಿರುವುದಕ್ಕೆ ಕಾರಣವಿದೆ. ಡೆಸ್ಕ್‌ಟಾಪ್ ಜೋಡಣೆ ಸುಲಭವಾದದ್ದು 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡದಿಂದ. ಬೋರ್ಡಿನ ಉದ್ದಗಲ, ಸ್ಕ್ರೂ ಕೂರುವ ಜಾಗ, ವಿದ್ಯುತ್ ಸಂಪರ್ಕದ ರೀತಿ ಎಲ್ಲವೂ ನಿಗದಿಯಾಗಿರುವುದರಿಂದ ಯಾವ ಕಂಪನಿಯ ಬೋರ್ಡ್ ಆದರೂ ಆ ಅಳತೆಯ ಯಾವ ಕ್ಯಾಬಿನೆಟ್ಟಿನಲ್ಲಾದರೂ ಕೂರುತ್ತದೆ. ಲ್ಯಾಪ್‌ಟಾಪಿಗೆ ಅಂಥ ಮಾನದಂಡ ಮಾರುಕಟ್ಟೆಯಲ್ಲಿ ಎಂದೂ ನೆಲೆಯೂರಲಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ಮದರ್‌ಬೋರ್ಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ ಅಂಚಿನ ಆಕಾರ, ಫ್ಯಾನಿಗೆ ಬಿಟ್ಟ ಕಂಡಿ, ಚಾರ್ಜಿಂಗ್ ಪೋರ್ಟಿನ ಸ್ಥಾನ ಎಲ್ಲವೂ ಬೇರೆಬೇರೆಯಾಗಿರುತ್ತವೆ.

ಆಕಾರ ಹೊಂದಿದರೂ ಸಮಸ್ಯೆ ಮುಗಿಯುವುದಿಲ್ಲ. ಲ್ಯಾಪ್‌ಟಾಪಿನ ಬೋರ್ಡಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಎಂಬ ಪ್ರತ್ಯೇಕ ಚಿಪ್ ಇರುತ್ತದೆ. ಬ್ಯಾಟರಿಗೆ ಎಷ್ಟು ಕರೆಂಟು ಕೊಡಬೇಕು, ಫ್ಯಾನ್ ಯಾವ ಬಿಸಿಗೆ ಎಷ್ಟು ವೇಗದಲ್ಲಿ ತಿರುಗಬೇಕು, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬುದನ್ನೆಲ್ಲ ಅದರೊಳಗೆ ಕೂರಿಸಿದ ತಂತ್ರಾಂಶವಾದ ಫರ್ಮ್‌ವೇರ್ ನೋಡಿಕೊಳ್ಳುತ್ತದೆ, ಮತ್ತು ಆ ಫರ್ಮ್‌ವೇರನ್ನು ಆಯಾ ಮಾದರಿಗೆಂದೇ ಬರೆದಿರುತ್ತಾರೆ. ಪ್ರೊಸೆಸರಿನ ಸ್ವಾತಂತ್ರ್ಯವೂ ಈಗ ಉಳಿದಿಲ್ಲ. ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಸಾಕೆಟ್ಟಿನಿಂದ ಬಿಚ್ಚಿ ಬದಲಿಸಬಹುದಾಗಿದ್ದ ಕೊನೆಯ ಪೀಳಿಗೆ 2013ರ ಹ್ಯಾಸ್ವೆಲ್. ಅನಂತರದವೆಲ್ಲ ಬೋರ್ಡಿಗೆ ಬೆಸೆದುಕೊಂಡೇ ಬರುತ್ತಿವೆ.

ತಾವು ನೋಡಿದ ವಿಡಿಯೊಗಳು ಹೆಚ್ಚಾಗಿ ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿಯ ಲ್ಯಾಪ್‌ಟಾಪಿನವು ಇರಬೇಕು. 2021ರಲ್ಲಿ ಬಂದ ಅದರ 13 ಇಂಚಿನ ಮಾದರಿಯ ಕವಚಕ್ಕೆ ಆಮೇಲೆ ಬಂದ ಇಂಟೆಲ್ ಬೋರ್ಡ್‌ಗಳೂ 2023ರ ಎಎಂಡಿ ಬೋರ್ಡೂ ಹೊಂದಿಕೊಳ್ಳುತ್ತವೆ ಎಂಬುದು ನಿಜಕ್ಕೂ ಮೆಚ್ಚತಕ್ಕ ಸಂಗತಿ. ಆದರೂ ಅಲ್ಲಿ ಬಳಕೆದಾರ ಜೋಡಿಸುವುದು ರ‍್ಯಾಮ್, ಎಸ್‌ಎಸ್‌ಡಿ (ಕಡತಗಳನ್ನು ಉಳಿಸುವ ಡಿಸ್ಕ್) ಮತ್ತು ಕೆಲವು ಚಿಕ್ಕ ಭಾಗಗಳನ್ನು ಮಾತ್ರ. ಬೋರ್ಡ್, ಕವಚ, ಬ್ಯಾಟರಿ ಎಲ್ಲವೂ ಆ ಒಂದೇ ಕಂಪನಿಯಿಂದ ಬರಬೇಕು. ನಾನು ಕೊನೆಯ ಬಾರಿ ನೋಡಿದಾಗ ಆ ಕಂಪನಿ ಭಾರತಕ್ಕೆ ನೇರ ಮಾರಾಟ ಮಾಡುತ್ತಿರಲಿಲ್ಲ. ತೈವಾನಿನ ಕ್ಲೆವೊದಂಥ ತಯಾರಕರು ರ‍್ಯಾಮ್, ಡಿಸ್ಕ್ ಇಲ್ಲದ ಬೇರ್‌ಬೋನ್ ಯಂತ್ರಗಳನ್ನು ಒದಗಿಸುವುದುಂಟು, ಆದರೆ ಅವನ್ನು ಕೊಂಡು ತಮ್ಮ ಹೆಸರು ಅಂಟಿಸಿ ಮಾರುವವರು ಸಣ್ಣ ಕಂಪನಿಗಳೇ ಹೊರತು ನಮ್ಮಂಥ ಬಿಡಿ ಗ್ರಾಹಕರಲ್ಲ. ಒಂದು ವೇಳೆ ತರಿಸಿಕೊಂಡರೂ ಸಾಗಣೆ ಮತ್ತು ತೆರಿಗೆ ಸೇರಿ ತಮ್ಮ 65,000 ರೂಪಾಯಿ ಸಾಲುವುದಿಲ್ಲ.

ಹೀಗಾಗಿ ಸಿದ್ಧ ಲ್ಯಾಪ್‌ಟಾಪನ್ನೇ ಕೊಳ್ಳಿ. ಆರಿಸುವಾಗ ಮಾತ್ರ, ಮುಂದೆ ಬಿಚ್ಚಿ ಬದಲಿಸಲು ಏನೇನು ಬರುತ್ತದೆ ಎಂಬುದನ್ನು ಬೆಲೆಯಷ್ಟೇ ಗಮನವಿಟ್ಟು ನೋಡಿ. ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆಂದೇ ಇರುವ ತಂತ್ರಾಂಶವಾದ್ದರಿಂದ ಮ್ಯಾಕ್‌ಬುಕ್‌ನ ವಿಚಾರವನ್ನು ಇಲ್ಲಿಯೇ ಬಿಡಬಹುದು.

ಗ್ರಾಂಟ್‌ರೋಡ್ ರಿಪೇರಿ

ಹಿಂಜವಡಿಯವರ ಮಾತು ಸರಿಯಾಗಿದೆ. ದುರಸ್ತಿಯ ಮೇಜಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಸರ್, ಮೊದಲು ನೋಡಬೇಕಾದದ್ದು ರ‍್ಯಾಮ್. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಎಂಬ ಹೆಸರಿದ್ದರೆ ಅದನ್ನು ಬೋರ್ಡಿಗೆ ಬೆಸೆದಿದ್ದಾರೆ ಎಂದೇ ತಿಳಿಯಬೇಕು. ಅದನ್ನು ಬಿಚ್ಚುವಂತೆ ಮಾಡುವ ಎಲ್‌ಪಿಕ್ಯಾಮ್2 ಎಂಬ ಹೊಸ ಪದ್ಧತಿ ಬಂದಿದೆಯಾದರೂ ನಿಮ್ಮ ಬೆಲೆಯ ಯಂತ್ರಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಬರೀ ಡಿಡಿಆರ್4 ಅಥವಾ ಡಿಡಿಆರ್5 ಎಂದಿದ್ದು, ಕಡ್ಡಿಯನ್ನು ಸಿಕ್ಕಿಸುವ ಎಸ್‌ಒ-ಡಿಮ್ ಸ್ಲಾಟ್ ಎರಡಿದ್ದರೆ ಒಳ್ಳೆಯದು. ಕೆಲವು ಮಾದರಿಗಳಲ್ಲಿ 8 ಜಿಬಿ ಬೆಸೆದು ಇನ್ನೊಂದು ಸ್ಲಾಟನ್ನು ಖಾಲಿ ಬಿಟ್ಟಿರುತ್ತಾರೆ, ಅದೂ ನಡೆಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಭಾಗವು ಈ ರ‍್ಯಾಮನ್ನೇ ಹಂಚಿಕೊಂಡು ಬಳಸುವುದರಿಂದ, ಒಂದೇ ಕಡ್ಡಿ ಇರುವುದಕ್ಕೂ ಎರಡು ಇರುವುದಕ್ಕೂ ಮೂರು ಆಯಾಮದ ಚಿತ್ರ ತಿರುಗಿಸುವಾಗ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರುತ್ತದೆ.

ಎಸ್‌ಎಸ್‌ಡಿ ಬಹುತೇಕ ಎಲ್ಲದರಲ್ಲೂ ಬದಲಿಸಲು ಬರುತ್ತದೆ, ಆದರೆ ಅಗ್ಗದ ಕೆಲವು ಮಾದರಿಗಳಲ್ಲಿ 2242 ಅಳತೆಯ ಗಿಡ್ಡ ಕಾರ್ಡಿಗಷ್ಟೇ ಜಾಗವಿರುತ್ತದೆ. ಅಂಗಡಿಯಲ್ಲಿ ಹೇರಳವಾಗಿ ಸಿಗುವ ಉದ್ದನೆಯ 2280 ಕಾರ್ಡ್ ಅಲ್ಲಿ ಹಿಡಿಯುವುದಿಲ್ಲ. ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ಜಾಲತಾಣದಲ್ಲಿದ್ದರೆ ಕೊಳ್ಳುವ ಮುಂಚೆ ಇಳಿಸಿಕೊಂಡು ನೋಡಿ. ಅದರಲ್ಲಿ ಕೀಬೋರ್ಡ್ ಬದಲಿಸುವ ಪುಟವನ್ನು ತಪ್ಪದೆ ಓದಿ. ಕೀಬೋರ್ಡನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಕರಗಿಸಿ ಕೂರಿಸಿದ್ದರೆ ಒಂದು ಲೋಟ ಚಹಾ ಚೆಲ್ಲಿದ ದಿನ ಇಡೀ ಕವಚದ ಹಣ ತೆರಬೇಕಾಗುತ್ತದೆ, ಹಾಸ್ಟೆಲಿನಲ್ಲಿ ಚಹಾ ಚೆಲ್ಲದೆ ನಾಲ್ಕು ವರ್ಷ ಕಳೆದವರನ್ನು ನಾನಂತೂ ನೋಡಿಲ್ಲ.

ಬ್ಯಾಟರಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೂರ್ನಾಲ್ಕು ವರ್ಷಕ್ಕೆ ಅದನ್ನು ಬದಲಿಸುವ ಸಂದರ್ಭ ಬರುತ್ತದೆ. ನಮ್ಮ ಬೀದಿಯಲ್ಲಿ ಒಂದೇ ಮಾದರಿಗೆ ಹಲವು ಬೆಲೆಯ ಬ್ಯಾಟರಿಗಳು ದೊರೆಯುತ್ತವೆ. ಲ್ಯಾಪ್‌ಟಾಪ್, ಅಡಾಪ್ಟರ್, ಬ್ಯಾಟರಿ ಮೂರಕ್ಕೂ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಲೇಬಲ್ಲಿನ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ 8 ಅಂಕಿಯ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಿ ಕೊಡುವ ಕೈಗಳೂ ಈ ಊರಿನಲ್ಲಿವೆ.

ವಾಸ್ಕೋ ಬಂದರು

ಹೊಸದನ್ನೇ ಕೊಳ್ಳಬೇಕೆಂಬ ಊಹೆಯನ್ನು ಇಬ್ಬರೂ ಏಕೆ ಪ್ರಶ್ನಿಸಲಿಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿದೆ. ಕಚೇರಿಗಳು ಗುತ್ತಿಗೆ ಮುಗಿದ ಮೇಲೆ ಹೊರಹಾಕುವ ಲೆನೊವೊ ಮತ್ತು ಡೆಲ್‌ನ ಲ್ಯಾಪ್‌ಟಾಪ್‌ಗಳಾದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಬಳಸಿದ ಯಂತ್ರಗಳನ್ನು ಸರಿಪಡಿಸಿ ಮಾರುವ ರಿಫರ್ಬಿಶ್ಡ್ ಅಂಗಡಿಗಳಲ್ಲಿ ಹೊಸ ಯಂತ್ರದ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. 2018ರ ಥಿಂಕ್‌ಪ್ಯಾಡ್ ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್‌ಗಳಿವೆ, ಹೊರಗಿನ ಬ್ಯಾಟರಿಯನ್ನು ಸ್ಕ್ರೂ ಬಿಚ್ಚದೆಯೇ ತೆಗೆಯಬಹುದು. ಪ್ರಶ್ನೆ ಕೇಳಿದವರು ಬಯಸುವ ಜೋಡಣೆಯ ಸ್ವಾತಂತ್ರ್ಯ ಇಂಥವುಗಳಲ್ಲೇ ಹೆಚ್ಚು. ಉಳಿದ ಹಣದಲ್ಲಿ ಮನೆಯ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಭಾರವಾದ ಕೆಲಸವನ್ನು ಅದರಲ್ಲಿ ಮಾಡಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್‌ನಲ್ಲಿ, ಒಂದೆರಡು ವಿನಾಯಿತಿ ಬಿಟ್ಟರೆ, ಕನಿಷ್ಠ 8ನೇ ಪೀಳಿಗೆಯ ಪ್ರೊಸೆಸರ್ ಬೇಕು. 6 ಮತ್ತು 7ನೇ ಪೀಳಿಗೆಯವು ಈಗ ಅಗ್ಗವಾಗಿ ಬರುತ್ತಿರುವುದು ಈ ಕಾರಣಕ್ಕೆ. 8ನೇ ಪೀಳಿಗೆಯ ಪ್ರೊಸೆಸರ್ ಇರುವ ಟಿ480ಗೆ ವಿಂಡೋಸ್ 11 ಸಲ್ಲುತ್ತದೆ, ಟಿ470ಗೆ ಸಲ್ಲುವುದಿಲ್ಲ.

ಹಿಂಜವಡಿ ಕನ್ನಡಿಗ

ವಾಸ್ಕೋದವರ ಸಲಹೆ ಲೆಕ್ಕಪತ್ರ, ಓದು, ಬರಹಗಳಿಗೆ ಬಹಳ ಚೆನ್ನಾಗಿದೆ. ಆದರೆ ಡೆಸ್ಕ್‌ಟಾಪ್ ಡೊಂಬಿವಲಿಯಲ್ಲಿದ್ದು ವಿದ್ಯಾರ್ಥಿನಿ ಪುಣೆಯಲ್ಲಿದ್ದರೆ ಭಾರವಾದ ಕೆಲಸ ವಾರಾಂತ್ಯದವರೆಗೆ ಕಾಯುವುದಿಲ್ಲ. ಟಿ480ಯ 4 ಕೋರ್‌ಗಳ ಪ್ರೊಸೆಸರ್ ಎರಡನೇ ವರ್ಷದವರೆಗೆ ಸಾಕಾಗಬಹುದು, ಹಲವು ಭಾಗಗಳನ್ನು ಸೇರಿಸಿದ ದೊಡ್ಡ ಅಸೆಂಬ್ಲಿ ಮಾಡುವಾಗ ಸಾಲದು.

ಇನ್ನೊಂದು ಮಾತು ಹೇಳುವುದನ್ನು ಹಿಂದೆ ಬಿಟ್ಟಿದ್ದೆ. ಈಗ 8 ಜಿಬಿಯದನ್ನು ಕೊಂಡು ಮುಂದೆ ಅಗ್ಗವಾದಾಗ ರ‍್ಯಾಮ್ ಹಾಕಿಸಿಕೊಳ್ಳಿ ಎಂಬುದು ಹಳೆಯ ಸಲಹೆ. ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿದೆ. ಕ್ರೂಷಿಯಲ್ ಹೆಸರಿನಲ್ಲಿ ಮೆಮೊರಿ ಮಾರುವ ಗ್ರಾಹಕ ವ್ಯಾಪಾರದಿಂದ ಹೊರನಡೆಯುವುದಾಗಿ ಮೈಕ್ರಾನ್ ಸಂಸ್ಥೆ ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆದ್ದರಿಂದ 16 ಜಿಬಿ ಈಗಲೇ ಒಳಗಿರುವ ಯಂತ್ರವನ್ನು ಕೊಳ್ಳುವುದು ಲೇಸು.

ಡೊಂಬಿವಲಿ ಲೆಕ್ಕಿಗ

ಎಲ್ಲರಿಗೂ ಕೃತಜ್ಞತೆಗಳು. ಜೋಡಿಸುವ ಆಸೆಯನ್ನು ಬಿಟ್ಟಿದ್ದೇನೆ. 16 ಜಿಬಿ ಇರುವ, ಕನಿಷ್ಠ ಒಂದು ಸ್ಲಾಟಾದರೂ ತೆರೆದಿರುವ ಸಿದ್ಧ ಲ್ಯಾಪ್‌ಟಾಪನ್ನು ಹುಡುಕುತ್ತೇನೆ. ಹಿಂಬದಿಯ ಮುಚ್ಚಳವನ್ನು ನಾವೇ ತೆರೆದರೆ ವಾರಂಟಿ ಹೋಗುತ್ತದೆಯೇ? ಈ ಭಾನುವಾರ ಮಗಳನ್ನು ಕರೆದುಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಬರಬೇಕೆಂದಿದ್ದೇನೆ.

ಗ್ರಾಂಟ್‌ರೋಡ್ ರಿಪೇರಿ

ವಾರಂಟಿಯ ನಿಯಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ, ಆದ್ದರಿಂದ ಅಂಗಡಿಯವನ ಬಾಯಿಮಾತನ್ನು ನಂಬದೆ ಗ್ರಾಹಕ ಸೇವೆಗೆ ಮಾದರಿಯ ಹೆಸರು ಬರೆದು ಇಮೇಲಿನಲ್ಲಿ ಉತ್ತರ ಪಡೆದಿಟ್ಟುಕೊಳ್ಳಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರೈಟ್ ಟು ರಿಪೇರ್ ಪೋರ್ಟಲ್‌ನಲ್ಲೂ ಹಲವು ಕಂಪನಿಗಳ ದುರಸ್ತಿ ಮತ್ತು ವಾರಂಟಿಯ ವಿವರಗಳಿವೆ. ಹೆಚ್ಚುವರಿ ಹಣ ಉಳಿದರೆ ಯಂತ್ರವಿರುವ ಜಾಗಕ್ಕೇ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿಯನ್ನು ತೆಗೆದುಕೊಳ್ಳಿ, ಪುಣೆಯ ವಿಳಾಸಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿಕೊಂಡು.

ಭಾನುವಾರ ಬರಬೇಡಿ, ಇಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆ ದಾದರಿನಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವದ ಕಡೆಗೆ ಬನ್ನಿ. ಹನ್ನೊಂದು ಗಂಟೆಗೆ ಮುಂಚೆ ಬಂದರೆ ಶಟರ್ ಏರಿರುವುದಿಲ್ಲ.