ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕಲು ಯಾವಾಗ ಹೋಗಬೇಕು?

ವಿಜಯಪುರದ ಗಾಳಗಾರ:
ನಮಸ್ಕಾರ್ರೀ. ಇಷ್ಟು ದಿನ ಊರ ಕೆರೆಯಲ್ಲೇ ಗಾಳ ಹಾಕುತ್ತಿದ್ದೆವು. ಈ ಸಲ ಗೆಳೆಯರೆಲ್ಲ ಸೇರಿ ಆಲಮಟ್ಟಿ ಹಿನ್ನೀರಿಗೆ ಹೋಗೋಣ ಅಂತಿದ್ದೇವೆ, ಬೆಳಗ್ಗೆ ಹೋಗಿ ಸಂಜೆ ವಾಪಸ್. ದಸರಾ ರಜೆಗೆ ಹೋಗೋದಾ, ಬೇಸಿಗೆವರೆಗೆ ಕಾಯೋದಾ? ಒಬ್ಬ ಮಾತ್ರ ಹಿಡಕಲ್ ಡ್ಯಾಂಗೇ ಹೋಗೋಣ ಅಂತ ಹಟ ಹಿಡಿದಿದ್ದಾನೆ.

ಬೀಳಗಿ ಕಡೆಯವ:
ಮಳೆ ಚೆನ್ನಾಗಿ ಆಗಿದ್ದರೆ ದಸರಾ ಹೊತ್ತಿಗೆ ಡ್ಯಾಂ ತುಂಬಿರುತ್ತದೆ, ಅಂದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ನೋಡೋಕೆ ಚಂದ, ಆದರೆ ಅಷ್ಟು ನೀರಲ್ಲಿ ಮೀನನ್ನ ಎಲ್ಲಿ ಅಂತ ಹುಡುಕುತ್ತೀರಿ? ಫೆಬ್ರವರಿ ಮೇಲೆ ಬನ್ನಿ, ನೀರು ಇಳಿದಿರುತ್ತದೆ. ಹುಬ್ಬಳ್ಳಿ ರಸ್ತೆ ಹಿಡಿದರೆ ಕೊಲ್ಹಾರದಲ್ಲಿ ಕೃಷ್ಣಾ ಸೇತುವೆ, ಮುಂದೆ ಅನಗವಾಡಿಯಲ್ಲಿ ಘಟಪ್ರಭಾ ಸೇತುವೆ, ಎರಡೂ ಕಡೆ ಹಿನ್ನೀರೇ. ನನ್ನ ಓಟು ಅನಗವಾಡಿಗೆ. ಡ್ಯಾಂ ಗೋಡೆ ಹತ್ತಿರ ಮಾತ್ರ ಸುಳಿಯಬೇಡಿ.

ಹಿಂಡಿ ಉಂಡೆ:
ಅಣ್ಣಾ, ನಾನು ಒಪ್ಪಲ್ಲ. ನೀರು ತುಂಬಿದಾಗ ಮುಳುಗಿದ ಹುಲ್ಲು ಮೇಯೋಕೆ ಮೀನು ದಂಡೆಗೇ ಬರುತ್ತದೆ, ದೂರ ಎಸೆಯೋದೇ ಬೇಡ. ಇರಲಿ, ಯಾವಾಗ ಹೋದರೂ ಶೇಂಗಾ ಹಿಂಡಿ ಒಯ್ಯಿರಿ. ಗೋಧಿ ಹಿಟ್ಟಿನ ಜೊತೆ ಗಟ್ಟಿಯಾಗಿ ನಾದಿ, ಚೂರು ಹತ್ತಿ ಎಳೆ ಎಳೆಯಾಗಿ ಬಿಡಿಸಿ ಸೇರಿಸಿ, ಇಲ್ಲಾಂದ್ರೆ ಎಸೆದ ಏಟಿಗೇ ಉಂಡೆ ಬಿಚ್ಚಿ ಗಾಳ ಖಾಲಿ ಹೋಗುತ್ತದೆ. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ, ಬೆಂಡು ಅದಕ್ಕೆ ತಕ್ಕಂತೆ ಕಟ್ಟಿ. ಗಾಳ, ದಾರ ಜಾಸ್ತಿ ಇರಲಿ. ಕೆಳಗೆ ಮುಳುಗಿದ ಊರುಗಳ ಗೋಡೆ, ಗಿಡದ ಬೊಡ್ಡೆ ಇವೆ, ಸಿಕ್ಕಿಕೊಂಡರೆ ಕೈಬಿಟ್ಟಂತೆಯೇ.

ಕೃಷ್ಣಾ ದಂಡೆ:
ಎಲ್ಲರೂ ಮುಖ್ಯವಾದದ್ದನ್ನೇ ಬಿಟ್ಟಿರಿ ಅಲ್ವಾ? ಮೊಸಳೆ! ಕೃಷ್ಣೆಯಲ್ಲಿ ಇವೆ, ಹಿನ್ನೀರಲ್ಲೂ ಇವೆ. ಮೊಣಕಾಲುದ್ದ ನೀರಲ್ಲಿ ನಿಂತು ಗಾಳ ಹಾಕೋದು, ಹಿಡಿದ ಮೀನನ್ನ ಕಾಲ ಹತ್ತಿರ ನೀರಲ್ಲೇ ಕಟ್ಟಿಡೋದು ಎರಡೂ ಬೇಡ. ಜಲಾಶಯದ ಮೀನಿನ ಹಕ್ಕು ಸುಮ್ನೆ ಬಿಟ್ಟಿರೋದಿಲ್ಲ, ಮೊದಲು ಮೀನುಗಾರಿಕೆ ಇಲಾಖೆ ಆಫೀಸಲ್ಲಿ ಪರವಾನಗಿ ಕೇಳಿ, ಅಲ್ಲಿನ ಮೀನುಗಾರರಿಗೂ ಒಂದು ಮಾತು ಹೇಳಿ. ಅವರ ಬಲೆ ಇರೋ ಕಡೆ ಎಸೆದರೆ ಜಗಳ ಗ್ಯಾರಂಟಿ. ಮಳೆಗಾಲದ ಶುರುವಿಗಂತೂ ಹೋಗಲೇಬೇಡಿ, ಮೊಟ್ಟೆ ಇಡೋ ಕಾಲ.

ಹಿಡಕಲ್ ಹುಕ್ಕೇರಿ ತಾಲ್ಲೂಕಿನಲ್ಲಿದೆ. ನಿಮಗೆ ಬೆಳಗ್ಗೆ ಹೋಗಿ ಸಂಜೆ ಬರೋಕೆ ದೂರ, ಅರ್ಧ ದಿನ ಗಾಡಿಯಲ್ಲೇ ಕಳೆಯುತ್ತದೆ.

ವಿಜಯಪುರದ ಗಾಳಗಾರ:
ಮೊಸಳೆ ವಿಷಯ ಕೇಳಿ ಒಬ್ಬ ಆಗಲೇ ಹಿಂದೇಟು ಹಾಕುತ್ತಿದ್ದಾನೆ. ಫೆಬ್ರವರಿಗೇ ಹೋಗುತ್ತೇವೆ, ಅನಗವಾಡಿ. ಸೋಮವಾರ ಇಲಾಖೆ ಆಫೀಸಿಗೆ ಹೋಗಿ ವಿಚಾರಿಸಿ ಇಲ್ಲೇ ಹಾಕುತ್ತೇನೆ.