ಸರ್ಫ್ ಕ್ಲಬ್ಬಿನ ಸನ್ಮಾನ: ಈ ಸೀಸನ್ ಒಬ್ಬರನ್ನೂ ನೀರಿನಿಂದ ಎಳೆದು ತರದವರ ಬಗ್ಗೆ ಏನು ಬರೆಯಲಿ?

ಬಾವಿ ಈಜಿನವ, ಸಿಡ್ನಿ

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕು, ಹತ್ತು ದಿನದೊಳಗೆ.

ಸಿಡ್ನಿಯ ಉತ್ತರದ ಕಡೆ ಒಂದು ಸರ್ಫ್ ಲೈಫ್ ಸೇವಿಂಗ್ ಕ್ಲಬ್ಬಿನಲ್ಲಿ ನಾನು ಆರು ವರ್ಷದಿಂದ ಸ್ವಯಂಸೇವಕ. ಬೀಚಿನಲ್ಲಿ ಈಜಬಹುದಾದ ಜಾಗದ ಎರಡೂ ಬದಿಗೆ ಕೆಂಪು-ಹಳದಿ ಬಾವುಟ ನೆಟ್ಟು, ಅದೇ ಬಣ್ಣದ ಟೋಪಿಯ ದಾರವನ್ನು ಗದ್ದದ ಕೆಳಗೆ ಕಟ್ಟಿಕೊಂಡು ನಿಂತಿರುತ್ತಾರಲ್ಲ, ಅವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ. ಸಂಬಳ ಪಡೆಯುವ ಲೈಫ್‌ಗಾರ್ಡ್‌ಗಳು ಬೇರೆ. ಆಸ್ಟ್ರೇಲಿಯಾದ ಸುತ್ತ ಇಂಥ ಕ್ಲಬ್ಬುಗಳು 300ಕ್ಕೂ ಹೆಚ್ಚಿವೆ. 1907ರಲ್ಲಿ ಸಿಡ್ನಿಯಲ್ಲಿ ಸಂಘ ಕಟ್ಟಿಕೊಂಡರು, ಅಲ್ಲಿಂದ ಇವತ್ತಿನವರೆಗೆ ನಡೆದುಕೊಂಡು ಬಂದಿದೆ.

ನಾನು ತುಮಕೂರು ಜಿಲ್ಲೆಯವನು. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. 24 ವರ್ಷ ಆಗುವವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಇಲ್ಲಿ ಬೀಚ್ ಕಾಯಬೇಕು ಅಂದರೆ ಬ್ರಾಂಜ್ ಮೆಡಾಲಿಯನ್ ಪಾಸಾಗಬೇಕು. ಅದಕ್ಕೆ 400 ಮೀಟರನ್ನು 9 ನಿಮಿಷದೊಳಗೆ ಈಜಬೇಕು. ನನಗೆ ಅಷ್ಟಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳೂ ಒಬ್ಬರು ಬೆಳಗ್ಗೆ ಆರು ಗಂಟೆಗೆ ಕೊಳದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಿದ್ದರು. ನನ್ನ ಪ್ರಶ್ನೆ ಅವರ ಬಗ್ಗೆ.

ಏಪ್ರಿಲ್ ಕೊನೆಗೆ ಸೀಸನ್ ಮುಗಿಯಿತು, ಬಾವುಟ ಇಳಿಸಿದೆವು. ಈಗ ವರ್ಷದ ಪ್ರಶಸ್ತಿ ಸಂಜೆ. ಈ ಸಲ ಪ್ರಶಸ್ತಿ ಪಡೆಯುವ ಒಬ್ಬೊಬ್ಬರ ಬಗ್ಗೆ ಐದಾರು ಸಾಲು ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ನೀರಿಗೆ ಹಾರಿ ಜನರನ್ನು ತಂದವರ ಬಗ್ಗೆ ಬರೆಯುವುದು ಸುಲಭ. ಅಲೆ ಎಷ್ಟಿತ್ತು, ಎಷ್ಟು ಹೊತ್ತು ಹಿಡಿಯಿತು, ಬರೆದರೆ ಮುಗಿಯಿತು. ಆದರೆ ಇವರ ಹೆಸರಿನ ಮುಂದೆ ಈ ಸೀಸನ್ ರೆಸ್ಕ್ಯೂ ಸೊನ್ನೆ. ಹೋದ ಸೀಸನ್ನೂ ಸೊನ್ನೆ. ಮೊಣಕಾಲು ನೋವು ಶುರುವಾದ ಮೇಲೆ ಅವರು ನೀರಿಗೆ ಇಳಿಯುವುದಿಲ್ಲ. ಟೆಂಟಿನ ಕೆಳಗೆ ಕೂತು ರೇಡಿಯೋ ನೋಡಿಕೊಳ್ಳುತ್ತಾರೆ, ಎಷ್ಟು ಜನ ನೀರಿನಲ್ಲಿ, ಎಷ್ಟು ಜನ ಮರಳಿನ ಮೇಲೆ ಅಂತ ಎಣಿಸಿ ಲಾಗ್ ಪುಸ್ತಕದಲ್ಲಿ ಬರೆಯುತ್ತಾರೆ.

ಅವರಿಗೀಗ 67. 1980ರವರೆಗೆ ಈ ದೇಶದಲ್ಲಿ ಹೆಂಗಸರಿಗೆ ಬೀಚ್ ಕಾಯುವ ಪೂರ್ತಿ ಸದಸ್ಯತ್ವವೇ ಇರಲಿಲ್ಲ. ಕ್ಲಬ್ಬಿಗೆ ದುಡ್ಡು ಕೂಡಿಸಬಹುದಿತ್ತು, ಅಡುಗೆ ಮಾಡಬಹುದಿತ್ತು, ಟೋಪಿ ಹಾಕಿಕೊಳ್ಳುವಂತಿರಲಿಲ್ಲ. ನಿಯಮ ಬದಲಾದ ಮೊದಲ ಸೀಸನ್ನಿನಲ್ಲೇ ಇವರು ಬ್ರಾಂಜ್ ತೆಗೆದುಕೊಂಡರು. ಅಲ್ಲಿಂದ ಇಲ್ಲಿಗೆ 45 ಸೀಸನ್.

ನನಗೆ ಬರೆಯಬೇಕು ಅನ್ನಿಸುತ್ತಿರುವುದು ಒಂದೇ ದಿನದ ವಿಷಯ. ಈ ವರ್ಷ ಜನವರಿ 26, ಭಾನುವಾರ, ರಜೆಯ ಗುಂಪು. ಬಾವುಟದಿಂದ ಉತ್ತರಕ್ಕೆ ಒಂದು ಕಡೆ ನೀರು ಕಡುಬಣ್ಣಕ್ಕೆ ತಿರುಗಿತ್ತು, ಅಲ್ಲಿ ಅಲೆ ಒಡೆಯುತ್ತಿರಲಿಲ್ಲ. ಅದೇ ರಿಪ್, ಸೆಳೆತ. ಅಲೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ವಾ? ಮರಳದಿಬ್ಬಗಳ ನಡುವಿನ ಆಳದ ಜಾಗದಲ್ಲಿ ಅದು ನುಗ್ಗಿ ಹೋಗುತ್ತದೆ. ಆಳ ಜಾಸ್ತಿ ಇರುವುದರಿಂದ ಮೇಲೆ ಮಾತ್ರ ಕೆರೆಯ ಹಾಗೆ ಕಾಣುತ್ತದೆ. ಅವರು ದುರ್ಬೀನು ಇಳಿಸಿ ನನ್ನ ಕಡೆ ತಿರುಗಿ, "ಅಲ್ಲಿ ಐದು ಜನ, ಇಬ್ಬರು ಚಿಕ್ಕವರು, ಬಟ್ಟೆ ಹಾಕಿಕೊಂಡೇ ಇಳಿಯುತ್ತಿದ್ದಾರೆ. ಈಗಲೇ ಹೋಗು" ಅಂದರು. ನಾನು ರೆಸ್ಕ್ಯೂ ಟ್ಯೂಬ್ ಎತ್ತಿಕೊಂಡು ಓಡಿದೆ.

ಹತ್ತಿರ ಹೋಗುತ್ತಿದ್ದ ಹಾಗೆ ಕೇಳಿಸಿದ್ದು, "ಪುಟ್ಟಾ, ಕೈ ಬಿಡ್ಬೇಡ." ನಮ್ಮವರು! ಅಪ್ಪನ ಪ್ಯಾಂಟ್ ಮೊಣಕಾಲಿನವರೆಗೆ ಮಡಚಿತ್ತು, ನೀರು ಆಗಲೇ ಅದನ್ನು ದಾಟಿತ್ತು. ನಾನು "ಅಣ್ಣಾ, ಅಲ್ಲೇ ನಿಲ್ಲಿ, ಹಿಂದಕ್ಕೆ ಬನ್ನಿ" ಅಂತ ಕೂಗಿದೆ. ಕನ್ನಡ ಕೇಳಿ ಅವರು ತಕ್ಷಣ ನಿಂತರು. ಆಮೇಲೆ ಅವರು ಹೇಳಿದ್ದು ನನಗೆ ಮರೆಯುವುದಿಲ್ಲ: "ಆ ಕಡೆ ಅಲೆ ಜಾಸ್ತಿ ಇತ್ತು ಸರ್. ಮಕ್ಕಳಿಗೆ ಇಲ್ಲೇ ಸೇಫ್ ಅಂತ ಕರ್ಕೊಂಡು ಬಂದೆ." ಬಾವುಟದ ಮಧ್ಯೆ ಕರೆದುಕೊಂಡು ಬಂದೆ. ಮಕ್ಕಳು ಅರ್ಧ ಗಂಟೆ ಆಡಿದರು, ಹೋದರು.

ಲಾಗ್ ಪುಸ್ತಕದಲ್ಲಿ ಅದು ಒಂದು ಸಾಲು. ಮುನ್ನೆಚ್ಚರಿಕೆ ಕ್ರಮ, ಐದು ಜನ, ಸಮಯ. ಅವರ ಹೆಸರು ಅದರಲ್ಲಿ ಇಲ್ಲ, ಯಾಕೆಂದರೆ ಓಡಿ ಹೋದವನು ನಾನು.

ಇದನ್ನು 150 ಜನರ ಮುಂದೆ ಹೇಗೆ ಓದಲಿ? ಆ ದಿನ ಏನೂ ಆಗಲಿಲ್ಲ. ಆಗದೇ ಇದ್ದುದನ್ನು ಸಾಧನೆ ಅಂತ ಹೇಳಿದರೆ ಕೇಳುವವರಿಗೆ ತಟ್ಟುತ್ತದಾ? ನಿಮ್ಮಲ್ಲಿ ಯಾರಾದರೂ ಇಂಥ ಕಾರ್ಯಕ್ರಮ ಮಾಡಿದ್ದರೆ ದಯವಿಟ್ಟು ಹೇಳಿ.

ನಿಪ್ಪರ್ಸ್ ಅಮ್ಮ, ಗೋಲ್ಡ್ ಕೋಸ್ಟ್

ಓದಿ ಕಣ್ಣು ತುಂಬಿತು. ತಟ್ಟುತ್ತದಾ ಅಂತ ಕೇಳಿದ್ದೀರಿ. ನನಗಂತೂ ತಟ್ಟಿತು. ಇದನ್ನೇ ಹೀಗೇ ಓದಿ.

ನಾನು ಭಾನುವಾರ ಬೆಳಗ್ಗೆ ನಿಪ್ಪರ್ಸ್, ಅಂದರೆ ಕ್ಲಬ್ಬಿನಲ್ಲಿ ಕಲಿಯುವ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಏಳೆಂಟು ವರ್ಷದವರ ಗುಂಪು. ನಮ್ಮ ಕ್ಲಬ್ಬಿನಲ್ಲಿ ಮೂರು ಪ್ರಶಸ್ತಿ ಸಂಜೆಗಳಿಗೆ ಕೆಲಸ ಮಾಡಿದ್ದೇನೆ. ಕಲಿತದ್ದು ಇಷ್ಟು. "ಇವರು ದಣಿವರಿಯದ ಸೇವಕರು, ಇವರಿಲ್ಲದೆ ಕ್ಲಬ್ ಇಲ್ಲ" ಅನ್ನುವ ಸಾಲು ಯಾರಿಗೂ ಬೇಡ. ಅದನ್ನು ಯಾರ ಹೆಸರಿಗೆ ಅಂಟಿಸಿದರೂ ನಡೆಯುತ್ತದೆ, ಅದೇ ಅದರ ತೊಂದರೆ. ಒಂದು ದಿನ, ಒಂದು ಕೆಲಸ, ಅವರು ಆಡಿದ ಒಂದು ಮಾತು ಸಾಕು. ನಮ್ಮಲ್ಲಿ ಐಆರ್‌ಬಿ, ಅಂದರೆ ಗಾಳಿ ತುಂಬಿದ ರೆಸ್ಕ್ಯೂ ದೋಣಿಗಳನ್ನು ನೋಡಿಕೊಳ್ಳುವ ಒಬ್ಬರು ಇದ್ದಾರೆ. ಎಲ್ಲರೂ ಮನೆಗೆ ಹೋದ ಮೇಲೆ ಮೋಟಾರಿಗೆ ಸಿಹಿನೀರು ಬಿಟ್ಟು ಉಪ್ಪು ತೊಳೆಯುತ್ತಾರೆ. ಬಿಟ್ಟರೆ ಉಪ್ಪು ತಿಂದುಹಾಕುತ್ತದೆ. ಹೋದ ವರ್ಷ ಅವರ ಬಗ್ಗೆ ಓದುವಾಗ, "ಈ ಸೀಸನ್ ಯಾವಾಗ ದಾರ ಎಳೆದರೂ ಮೋಟಾರ್ ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತು" ಅಂತ ಒಂದು ಸಾಲು ಸೇರಿಸಿದೆ. ದೋಣಿ ಓಡಿಸುವ ಹುಡುಗರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರಿಗೆ ಅದರ ಬೆಲೆ ಗೊತ್ತು.

ಇನ್ನೊಂದು. ಹೆಸರುಗಳನ್ನು ಹೇಗೆ ಉಚ್ಚರಿಸಬೇಕು ಅಂತ ಮೊದಲೇ ಅವರವರನ್ನೇ ಕೇಳಿ ಬರೆದುಕೊಳ್ಳಿ. ಮೊದಲ ಸಲ ನನ್ನನ್ನು ವೇದಿಕೆಗೆ ಕರೆದಾಗ ಹೆಸರು ಎಷ್ಟು ಕೆಟ್ಟಿತ್ತು ಅಂದರೆ ನಾನು ಎದ್ದೇಳಲೇ ಇಲ್ಲ, ಬೇರೆ ಯಾರನ್ನೋ ಕರೆದರು ಅಂದುಕೊಂಡೆ. ಆ ಸಂಜೆ ತುಂಬ ಬೇಜಾರಾಗಿತ್ತು.

ಮೆಡಲನ್ನು ನಿಪ್ಪರ್ಸ್ ಮಗುವಿನ ಕೈಯಿಂದ ಕೊಡಿಸಿ. ಆಗುತ್ತದಲ್ವಾ?

ಮರವಂತೆ ಕಡೆಯವಳು

ನಾನು ಆಸ್ಟ್ರೇಲಿಯಾ ನೋಡಿದವಳಲ್ಲ. ಆದರೆ ಕಡಲು ಗೊತ್ತು, ಸನ್ಮಾನವೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ಕೈರಂಪಣಿ ಬಲೆ ಎಳೆಯುತ್ತಿದ್ದವರು. ದಡದ ಮೇಲೆ ಹತ್ತಾರು ಜನ ಸಾಲಾಗಿ ನಿಂತು ಹಗ್ಗ ಎಳೆಯುವ ಕೆಲಸ. ಕಣ್ಣು ಯಾವಾಗಲೂ ನೀರಿನ ಮೇಲೆ. ಒಂದು ಸಂಜೆ ಸ್ನಾನಕ್ಕೆ ಇಳಿದ ಇಬ್ಬರು ಕಾಲೇಜು ಹುಡುಗರನ್ನು ನೀರು ಎಳೆಯಿತು. ಅಪ್ಪ ಮತ್ತು ಜೊತೆಯವರು ಬಲೆಯ ಹಗ್ಗವನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋಗಿ ತಂದರು. ಇಬ್ಬರೂ ಬದುಕಿದರು.

ಆಮೇಲೆ ಊರಲ್ಲಿ ಸನ್ಮಾನ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಭಾಷಣ ಎರಡು ಗಂಟೆ. ಅಪ್ಪನ ಸರದಿ ಬಂದಾಗ ಊಟಕ್ಕೆ ತಡವಾಗಿತ್ತು. "ಮೀನುಗಾರ ಬಂಧುಗಳು" ಅಂತ ಒಟ್ಟಿಗೆ ಕರೆದು ಶಾಲು ಹೊದಿಸಿ ಕಳಿಸಿದರು. ಹಗ್ಗದ ವಿಷಯ ಯಾರೂ ಹೇಳಲಿಲ್ಲ. ಅಪ್ಪ ಶಾಲನ್ನು ಯಾರಿಗೋ ಕೊಟ್ಟರು. ಆದರೆ ಆ ಹುಡುಗರಲ್ಲಿ ಒಬ್ಬನ ತಾಯಿ ಬರೆದ ಒಂದು ಇನ್‌ಲ್ಯಾಂಡ್ ಕಾಗದವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು, ದೋಣಿಯ ಕಾಗದಪತ್ರ ಇಡುವ ಟಿನ್ ಡಬ್ಬದಲ್ಲಿ. ಅಪ್ಪ ಹೋದ ಮೇಲೆ ನಾನು ತೆಗೆದು ನೋಡಿದೆ. ಮಡಿಕೆಯ ಜಾಗ ಹರಿದು ನಾಲ್ಕು ತುಂಡಾಗಿತ್ತು. ಅಷ್ಟು ಸಲ ಬಿಚ್ಚಿ ಓದಿದ್ದರು.

ಅದಕ್ಕೇ ಹೇಳುತ್ತೇನೆ ಅಣ್ಣ, ಆ ಕುಟುಂಬ ಸಿಕ್ಕರೆ ಅವರಿಂದ ಎರಡು ಸಾಲು ಬರೆಸಿ. ಆಮೇಲೆ ನೀವು ಓದಿದ ಹಾಳೆಯನ್ನು ಅವರ ಕೈಗೇ ಕೊಡಿ. ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಬೇಡಿ.

ಪರ್ತ್‌ನಿಂದ ಒಬ್ಬ

ನನ್ನದು ಸ್ವಲ್ಪ ಬೇರೆ ಮಾತು. ನಿಮ್ಮ ಬರಹ ಚೆನ್ನಾಗಿದೆ, ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಒಬ್ಬರನ್ನೇ ಎತ್ತಿ ನಿಲ್ಲಿಸುವಾಗ ಅವರ ಪ್ಯಾಟ್ರೋಲ್ ತಂಡವನ್ನೂ ಜೊತೆಗೆ ನಿಲ್ಲಿಸಿ. ಅವರು ಕಂಡರು, ನೀವು ಓಡಿದಿರಿ. ಆ ಹೊತ್ತಿನಲ್ಲಿ ಬಾವುಟದ ಮಧ್ಯೆ ಇದ್ದ ಜನರ ಮೇಲೆ ಇನ್ನು ಯಾರೋ ಕಣ್ಣಿಟ್ಟಿದ್ದರು. ಅವರು ಅತ್ತ ಇತ್ತ ನೋಡಿದ್ದರೆ ಅಲ್ಲಿ ಅನಾಹುತ ಆಗಬಹುದಿತ್ತು.

1938ರ ಫೆಬ್ರವರಿ 6ರಂದು ಸಿಡ್ನಿಯ ಬಾಂಡೈ ಬೀಚಿನಲ್ಲಿ ಆದದ್ದು ನಿಮಗೆ ಗೊತ್ತಿರುತ್ತದೆ. ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬಂದು ನೂರಾರು ಜನರನ್ನು ಒಟ್ಟಿಗೆ ಒಳಕ್ಕೆ ಎಳೆದುಕೊಂಡು ಹೋದವು. ಸುಮಾರು 250 ಜನರನ್ನು ಹೊರಗೆ ತಂದರು, ಐದು ಜನ ತೀರಿಕೊಂಡರು. ಆಗ ಇದ್ದದ್ದು ರೀಲು ಮತ್ತು ಹಗ್ಗ. ಒಬ್ಬ ಬೆಲ್ಟ್ ಕಟ್ಟಿಕೊಂಡು ಈಜಿ ಹೋಗುತ್ತಿದ್ದ, ದಡದಲ್ಲಿ ಉಳಿದವರು ಹಗ್ಗ ಬಿಡುತ್ತಾ, ಎಳೆಯುತ್ತಾ ಇರುತ್ತಿದ್ದರು. ಹಗ್ಗ ಹಿಡಿದವನು ಸರಿಯಿಲ್ಲದಿದ್ದರೆ ಬೆಲ್ಟ್ ಕಟ್ಟಿದವನೇ ಮುಳುಗುತ್ತಿದ್ದ. ಮರವಂತೆಯ ಅಕ್ಕ ಬರೆದದ್ದನ್ನು ಓದಿದಾಗ ನನಗೆ ಇದೇ ನೆನಪಾಯಿತು.

ಗಂಟೆಗಳ ಲೆಕ್ಕದ ಬಗ್ಗೆಯೂ ಒಂದು ಮಾತು. ಅತಿ ಹೆಚ್ಚು ಗಂಟೆ ಬೀಚ್ ಕಾದವರಿಗೆ ಪ್ರಶಸ್ತಿ ಕೊಡುವುದು ಸರಿ. ಆದರೆ ಕೂಸು ಇರುವ ತಾಯಿ ಕಷ್ಟಪಟ್ಟು 20 ಗಂಟೆ ಬಂದಿರುತ್ತಾಳೆ. ಅದೂ ಯಾರ ಬಾಯಲ್ಲಾದರೂ ಬರಲಿ.

ಹೊಸ ಸದಸ್ಯ, ವೊಲೊಂಗಾಂಗ್

ಇಷ್ಟು ದಿನ ಇಲ್ಲಿ ಓದುತ್ತಿದ್ದೆ, ಬರೆದಿರಲಿಲ್ಲ. ಆ ಕುಟುಂಬ ನಮ್ಮದಲ್ಲ. ಆದರೆ ನಮಗೂ ಹೀಗೇ ಆಗಿದೆ.

ಎರಡು ವರ್ಷದ ಹಿಂದೆ, ಈ ದೇಶಕ್ಕೆ ಬಂದು ಮೂರನೇ ವಾರ. ಊರಿನಿಂದ ಅಪ್ಪ ಅಮ್ಮನೂ ಬಂದಿದ್ದರು. ಬೀಚಿನಲ್ಲಿ ಟೋಪಿ ಹಾಕಿದ ಒಬ್ಬ ಹುಡುಗಿ ಓಡಿ ಬಂದು ಇಲ್ಲಿ ಬೇಡ, ಆ ಕಡೆ ಹೋಗಿ ಅಂದಳು. ಹದಿನೈದು ಹದಿನಾರು ವರ್ಷ ಇರಬಹುದು. ಅಪ್ಪನ ಎದುರಿಗೆ ಅಷ್ಟು ಚಿಕ್ಕ ಹುಡುಗಿ ಹೀಗೆ ಹೇಳಿದ್ದು ನನಗೆ ಅವಮಾನ ಅನ್ನಿಸಿತು. ನೀರು ಶಾಂತವಾಗಿತ್ತು, ಸುಮ್ನೆ ಹೆದರಿಸುತ್ತಾಳೆ ಅಂದುಕೊಂಡೆ. ಥ್ಯಾಂಕ್ಸ್ ಕೂಡ ಹೇಳದೆ ಹೋದೆ. ಆ ನೀರು ಏನು ಅಂತ ಇವತ್ತು ನಿಮ್ಮ ಬರಹದಿಂದ ಗೊತ್ತಾಯಿತು. ಕಡುಬಣ್ಣ, ಅಲೆ ಇಲ್ಲ. ಹಾಗೆಯೇ ಇತ್ತು. ಅಮ್ಮ ಸೀರೆಯಲ್ಲಿ ಇದ್ದರು.

ಆ ಹುಡುಗಿ ಯಾರು ಅಂತ ನನಗೆ ಗೊತ್ತಾಗುವುದಿಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಎರಡು ಸಾಲು ಬೇಕಿದ್ದರೆ ನನ್ನದನ್ನು ಓದಿ: "ನಾನು ಆ ದಿನ ಥ್ಯಾಂಕ್ಸ್ ಹೇಳಲಿಲ್ಲ. ನನ್ನ ಅಪ್ಪ ಅಮ್ಮ ಊರಲ್ಲಿ ಆರೋಗ್ಯವಾಗಿದ್ದಾರೆ."

ಬಾವಿ ಈಜಿನವ, ಸಿಡ್ನಿ

ಕಾರ್ಯಕ್ರಮ ನಿನ್ನೆ ಮುಗಿಯಿತು. ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಜನವರಿ 26ರ ದಿನವನ್ನು ಇಲ್ಲಿ ಬರೆದ ಹಾಗೇ ಇಂಗ್ಲಿಷಿನಲ್ಲಿ ಓದಿದೆ. "ಪುಟ್ಟಾ" ಅನ್ನುವುದನ್ನು ಮಾತ್ರ ಕನ್ನಡದಲ್ಲೇ ಬಿಟ್ಟೆ, ಆಮೇಲೆ ಅರ್ಥ ಹೇಳಿದೆ. ಪರ್ತ್ ಸರ್ ಹೇಳಿದ ಹಾಗೆ ಆ ದಿನ ಪ್ಯಾಟ್ರೋಲಿನಲ್ಲಿದ್ದ ಏಳು ಜನರನ್ನೂ ಹೆಸರು ಹಿಡಿದು ಕರೆದು ನಿಲ್ಲಿಸಿದೆ. ವೊಲೊಂಗಾಂಗಿನ ಎರಡು ಸಾಲನ್ನು ಕೊನೆಯಲ್ಲಿ ಓದಿದೆ. ಹಿಂದಿನ ಮೇಜಿನಲ್ಲಿ ನಮ್ಮ ಚಿಕ್ಕ ವಯಸ್ಸಿನ ಪ್ಯಾಟ್ರೋಲ್ ಹುಡುಗಿಯರು ಕೂತಿದ್ದರು. ಅಷ್ಟು ಹೊತ್ತು ಫೋನ್ ನೋಡುತ್ತಿದ್ದವರು ತಲೆ ಎತ್ತಿದರು. ಅವರಲ್ಲಿ ಒಬ್ಬಳು ಆಮೇಲೆ ನನ್ನ ಹತ್ತಿರ ಬಂದು, "ನಾನು ಹೇಳಿದಾಗ ಜನ ಯಾವಾಗಲೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ" ಅಂದಳು. ವೊಲೊಂಗಾಂಗ್ ಗೆಳೆಯರೇ, ನಿಮ್ಮ ಮಾತು ಅವಳಿಗೆ ತಲುಪಿತು.

ಮೆಡಲನ್ನು ಎಂಟು ವರ್ಷದ ಹುಡುಗಿ ಕೊಟ್ಟಳು. ಅವರು ನೋಯುವ ಮೊಣಕಾಲು ಬಗ್ಗಿಸಿ ಅವಳ ಎತ್ತರಕ್ಕೆ ಕೂತು ಕೊರಳು ಒಡ್ಡಿದರು. ಏಳಲು ಇಬ್ಬರು ಕೈ ಕೊಡಬೇಕಾಯಿತು. ಹಾಳೆಯನ್ನು ಅವರ ಕೈಗೇ ಕೊಟ್ಟೆ. ನಾಲ್ಕಾಗಿ ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಆಮೇಲೆ ಒಂದು ತಿದ್ದುಪಡಿ ಹೇಳಿದರು: "ನಾನು ಚಿಕ್ಕವರು ಇಬ್ಬರು ಅಂದಿರಲಿಲ್ಲ, ಮೂವರು ಅಂದಿದ್ದೆ. ಒಂದು ಮಗು ಅಮ್ಮನ ಸೊಂಟದ ಮೇಲಿತ್ತು." ಹೌದು, ಮೂವರಿದ್ದರು. ನಾನು ಮರೆತಿದ್ದೆ. ಈಗ ನನ್ನ ಪ್ರತಿಯಲ್ಲಿ ತಿದ್ದಿದ್ದೇನೆ.

ಹೊಸ ಸೀಸನ್ ಸೆಪ್ಟೆಂಬರಿಗೆ ಶುರು. ಸಿಡ್ನಿ ಉತ್ತರದ ಕಡೆ ಇರುವವರು, ಬ್ರಾಂಜಿಗೆ ಬರಬೇಕು ಅಂತ ಮನಸ್ಸಿದ್ದರೆ ನನಗೆ ಮೆಸೇಜ್ ಮಾಡಿ. ಬಾವಿಯಲ್ಲಿ ಕಲಿತ ಈಜು ಸಾಕು, ಉಳಿದದ್ದನ್ನು ಕಲಿಸುತ್ತಾರೆ. ಬೆಳಗ್ಗೆ ಆರು ಗಂಟೆಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲಲು ಈ ಸಲ ನಾನೂ ಒಪ್ಪಿಕೊಂಡಿದ್ದೇನೆ.