ವಿಚಾರಣಾಧೀನ ಕೈದಿಗಳ ಮತದಾನ: ಮನವಿ ಯಾರಿಗೆ, ಹೇಗೆ ಕೊಡಬೇಕು?

ಶರಾವತಿ: ವಿಚಾರಣಾಧೀನ ಕೈದಿಗಳಿಗೂ ಮತ ಹಾಕುವ ಅವಕಾಶ ಬೇಕೆಂದು ನಮ್ಮ ನಾಗರಿಕ ವೇದಿಕೆ ಸಹಿ ಸಂಗ್ರಹಿಸುತ್ತಿದೆ. ಮನವಿಯನ್ನು ಮುಖ್ಯಮಂತ್ರಿಗೆ ಕೊಡುವುದೋ, ಚುನಾವಣಾ ಆಯೋಗಕ್ಕೋ? ಜಾಮೀನಿನ ಮೇಲಿರುವವರಿಗೂ ಈ ನಿರ್ಬಂಧ ಇದೆಯೇ?

ಹೇಮಾವತಿ: ಜಾಮೀನಿನಲ್ಲಿ ಹೊರಗಿದ್ದರೆ ಮತ ಹಾಕಬಹುದು. ನಿರ್ಬಂಧ ಇರುವುದು ಜೈಲಿನಲ್ಲಿ ಅಥವಾ ಪೊಲೀಸ್ ವಶದಲ್ಲಿ ಇರುವವರಿಗೆ. 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಸೆಕ್ಷನ್ ಶಿಕ್ಷೆಯಾದವರನ್ನೂ ವಿಚಾರಣೆಗೆ ಕಾಯುತ್ತಿರುವವರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ, ಅವರಿಗೆ ಅಂಚೆ ಮತ ಇದೆ. ಸುಪ್ರೀಂ ಕೋರ್ಟ್ 1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಈ ಸೆಕ್ಷನ್ ಅನ್ನು ಎತ್ತಿಹಿಡಿದಿದೆ. ಹಾಗಾಗಿ ಆಯೋಗವಾಗಲಿ ಮುಖ್ಯಮಂತ್ರಿಯಾಗಲಿ ಏನೂ ಮಾಡಲಾರರು, ತಿದ್ದಬೇಕಾದದ್ದು ಸಂಸತ್ತು. ಗ್ರಾಮ ಪಂಚಾಯಿತಿ ಚುನಾವಣೆಯ ಕಾನೂನು ರಾಜ್ಯದ್ದು, ಅದಕ್ಕೆ ಶಾಸಕರ ಬಳಿ ಬೇರೆಯೇ ಮನವಿ ಒಯ್ಯಿರಿ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಸಂಸದರ ಮುಂದೆ ಇಡಬೇಕಾದ ಗಟ್ಟಿ ವಾದ ಇದು: 2013ರಲ್ಲಿ ಸಂಸತ್ತು ಇದೇ 62ನೇ ಸೆಕ್ಷನ್‌ಗೆ ತಿದ್ದುಪಡಿ ತಂದು, ಜೈಲಿನಲ್ಲಿರುವವರು ಚುನಾವಣೆಗೆ ನಿಲ್ಲುವ ದಾರಿ ಉಳಿಸಿಕೊಟ್ಟಿತು. ಅಭ್ಯರ್ಥಿಯಾಗಬಹುದಾದವನು ಮತದಾರನಾಗಬಾರದೇಕೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ತಪ್ಪು ಸಾಬೀತಾಗದ ಇಷ್ಟು ಜನರ ಮತ ಕಿತ್ತುಕೊಂಡಿರುವುದು ಅನ್ಯಾಯವೇ.

ಕಪಿಲಾ ತೀರ: ಲೋಕಸಭೆಗೆ ಅರ್ಜಿ ಕೊಡುವುದಾದರೆ ಸಹಿ ಹಾಳೆಗಳ ಬಗ್ಗೆ ಈಗಲೇ ಎಚ್ಚರ ವಹಿಸಿ. ಬರೀ ಹೆಸರು ಮತ್ತು ಸಹಿ ಇರುವ ಖಾಲಿ ಹಾಳೆಗಳನ್ನು ಕೊನೆಗೆ ಪಿನ್ ಹೊಡೆದು ಸೇರಿಸಿದರೆ ಆಗದು. ಪ್ರತಿ ಸಹಿ ಹಾಳೆಯ ತಲೆಯಲ್ಲೂ ಕೋರಿಕೆಯ ವಾಕ್ಯ ಮತ್ತೆ ಬರೆದಿರಬೇಕು, ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ ಇರಬೇಕು. ಓದು ಬಾರದವರ ಹೆಬ್ಬೆಟ್ಟು ನಡೆಯುತ್ತದೆ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿಟ್ಟು ಅದಕ್ಕೂ ಸಹಿ ಹಾಕಬೇಕು. ಪತ್ರಿಕಾ ತುಣುಕು, ಅಫಿಡವಿಟ್ ಲಗತ್ತಿಸುವಂತಿಲ್ಲ. ಸಂಸದರು ಸದನದಲ್ಲಿ ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ನ್ಯಾಯಾಲಯದಲ್ಲಿರುವ ಪ್ರಕರಣವನ್ನು ಎಳೆದು ತರದೆ, ಸೆಕ್ಷನ್ ತಿದ್ದುಪಡಿಯನ್ನಷ್ಟೇ ಕೇಳಿ.

ಶರಾವತಿ: ಈಗಾಗಲೇ ಸಹಿಯಾದ ಹಾಳೆಗಳ ತಲೆಯಲ್ಲಿ ಕೋರಿಕೆ ಇಲ್ಲ. ಈಗ ಬರೆದು ಸೇರಿಸಬಹುದೇ?

ಕಪಿಲಾ ತೀರ: ಬೇಡ ಮೇಡಂ. ಓದದ ವಾಕ್ಯದ ಕೆಳಗೆ ಅವರ ಸಹಿ ಇದ್ದಂತಾಗುತ್ತದೆ. ಹೊಸ ಹಾಳೆಗೆ ಮತ್ತೆ ಹಾಕಿಸಿ.

ಹೇಮಾವತಿ: ಅರ್ಜಿಯ ಜೊತೆಗೆ ಸಂಸದರಿಂದ ಒಂದು ಪ್ರಶ್ನೆಯನ್ನೂ ಕೇಳಿಸಿ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನಗಳ ನೋಟಿಸ್ ಬೇಕು, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕರಡು ಅವರ ಕಚೇರಿ ತಲುಪಿರಲಿ. 62(5)ರ ತಿದ್ದುಪಡಿ ಪ್ರಸ್ತಾವ ಇದೆಯೇ ಎಂದು ಕಾನೂನು ಸಚಿವಾಲಯವನ್ನೇ ಕೇಳಬೇಕು. ಗೃಹ ಸಚಿವಾಲಯಕ್ಕೆ ಕಳಿಸಿದರೆ ಕೈದಿಗಳ ಅಂಕಿಅಂಶ ಸಿಕ್ಕೀತು, ತಿದ್ದುಪಡಿಯ ಮಾತು ಬರುವುದಿಲ್ಲ. ಸಚಿವರಲ್ಲದ ಸಂಸದರು ತಾವೇ ತರುವ ಖಾಸಗಿ ಮಸೂದೆಗೆ ಒಂದು ತಿಂಗಳ ನೋಟಿಸ್. 1970ರ ನಂತರ ಅಂಥ ಒಂದೂ ಮಸೂದೆ ಎರಡೂ ಸದನ ದಾಟಿಲ್ಲ, ಆದರೆ ಚರ್ಚೆಗೆ ಬಂದರೆ ಸಚಿವರು ಉತ್ತರ ಕೊಡಲೇಬೇಕಾಗುತ್ತದೆ, ಅದು ದಾಖಲೆಯಲ್ಲಿ ಉಳಿಯುತ್ತದೆ.